ಮೂರನೇ ಸಾಲಿನಲ್ಲಿ ಕೂತು ನೋಡಿ ಕೊಂಡ ಮಿನಿವ್ಯಾನ್

ಮೂರು ಸಾಲು ಸೀಟು, ಹಿಂದಕ್ಕೆ ಜಾರುವ ಬಾಗಿಲು ಇರುವ ಮಿನಿವ್ಯಾನ್ ನೋಡಲು ಹೋದಾಗ ನಾವು ಮೊದಲು ಕೂತದ್ದು ಮೂರನೇ ಸಾಲಿನಲ್ಲಿ. ಡ್ರೈವರ್ ಸೀಟನ್ನು ಯಾವ ಕಂಪನಿಯವರೂ ಕೆಟ್ಟದಾಗಿ ಮಾಡುವುದಿಲ್ಲ, ಗಿರಾಕಿ ಟೆಸ್ಟ್ ಡ್ರೈವ್‌ಗೆ ಕೂರುವುದು ಅಲ್ಲೇ ಎಂದು ಅವರಿಗೆ ಗೊತ್ತು. ಗಾಡಿ ಮನೆಗೆ ಬಂದ ಮೇಲೆ ತಕರಾರು ಬರುವುದು ಹಿಂದಿನಿಂದ. ಮೊಣಕಾಲು ತಾಗುತ್ತದೆ, ಗಾಳಿ ಬರುವುದಿಲ್ಲ, ಮಗುವಿನ ಸೀಟು ಹಾಕಿದರೆ ಒಳಗೆ ಹೋಗಲು ದಾರಿಯಿಲ್ಲ, ಎಲ್ಲರೂ ಕೂತರೆ ಬ್ಯಾಗಿಗೆ ಜಾಗವಿಲ್ಲ. ಇದನ್ನೆಲ್ಲ ಬುಕಿಂಗ್‌ಗೆ ಮುಂಚೆಯೇ ನೋಡಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ಅಳತೆ ಟೇಪು, ಮನೆಯಲ್ಲಿರುವ ಮಕ್ಕಳ ಸೀಟುಗಳು, ಮಗುವಿನ ತಳ್ಳುಗಾಡಿ, ಮನೆಯ ಅತಿ ದೊಡ್ಡ ಸೂಟ್‌ಕೇಸು. ಇವಿಷ್ಟನ್ನೂ ಶೋರೂಮಿಗೆ ಒಯ್ಯಬೇಕು. ಅಲ್ಲಿ ಬೇಡವೆಂದರೆ ಆ ಶೋರೂಮೇ ಬೇಡ.

ಮೂರನೇ ಸಾಲನ್ನು ಅಳೆಯುವ ಕ್ರಮ ಹೀಗೆ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಡ್ರೈವರ್ ಸೀಟನ್ನು ತಮಗೆ ಸರಿಯಾಗಿ ಹೊಂದಿಸಿಕೊಂಡು ಇಳಿಯಬೇಕು. ಅವರೇ ಅದರ ಹಿಂದೆ ಎರಡನೇ ಸಾಲಿನಲ್ಲಿ ಕೂತು ಆ ಸೀಟನ್ನೂ ಆರಾಮಾಗಿ ಹೊಂದಿಸಬೇಕು, ಆಮೇಲೆ ಅದರ ಹಿಂದೆ ಹೋಗಿ ಕೂರಬೇಕು. ಸೇಲ್ಸ್‌ನವರು ಎರಡನೇ ಸಾಲನ್ನು ಪೂರ್ತಿ ಮುಂದಕ್ಕೆ ಎಳೆದಿಟ್ಟು ‘ನೋಡಿ, ಎಷ್ಟು ಜಾಗ’ ಎನ್ನುತ್ತಾರೆ. ಆ ಜಾಗ ಎರಡನೇ ಸಾಲಿನವರ ಕಾಲಿನದು. ಕೂತಾಗ ತೊಡೆ ಸೀಟಿಗೆ ತಾಗಿರಬೇಕು. ಮೊಣಕಾಲು ಮೇಲೆದ್ದು ತೊಡೆ ಗಾಳಿಯಲ್ಲಿದ್ದರೆ ನೆಲ ಎತ್ತರ ಎಂದರ್ಥ, ದೊಡ್ಡವರು ಒಂದು ಗಂಟೆಯೊಳಗೆ ಸೊಂಟ ನೋವು ಎನ್ನುತ್ತಾರೆ. ತಲೆದಿಂಬನ್ನು ಮೇಲಕ್ಕೆಳೆದು ತಲೆಯ ಹಿಂಭಾಗಕ್ಕೂ ಹಿಂದಿನ ಗಾಜಿಗೂ ಎಷ್ಟು ಅಂತರವಿದೆ ನೋಡಬೇಕು. ಏಸಿ ಗಾಳಿ ಆ ಸಾಲಿಗೇ ಬರುತ್ತದೆಯೋ, ಎರಡನೇ ಸಾಲಿನಿಂದ ಉಳಿದದ್ದು ಬರುತ್ತದೆಯೋ ಎಂದು ಮುಖಕ್ಕೇ ಬಿಟ್ಟುಕೊಂಡು ನೋಡಬೇಕು. ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನ ಕಿಟಕಿಯವರೆಗೆ ಬರುತ್ತದೆಯೇ ಎಂಬುದನ್ನು ಮಾಲೀಕರ ಕೈಪಿಡಿಯಲ್ಲೇ ಓದಬೇಕು. ಬ್ರೋಷರ್‌ನಲ್ಲಿ ಏರ್‌ಬ್ಯಾಗುಗಳ ಎಣಿಕೆ ಮಾತ್ರ ಇರುತ್ತದೆ.

ಮಕ್ಕಳ ಸೀಟನ್ನು ನಿಜವಾಗಿ ಹಾಕಿ ನೋಡದೆ ತೀರ್ಮಾನಿಸಬಾರದು. ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ಗಾಡಿಗೇ ಸಿಕ್ಕಿಸುವ ಐಸೋಫಿಕ್ಸ್‌ನ ಎರಡು ಕೊಂಡಿಗಳ ನಡುವೆ ಎಲ್ಲ ಗಾಡಿಗಳಲ್ಲೂ 280 ಮಿ.ಮೀ. ಅಂತರ, ಅದು ನಿಗದಿಯಾದ ಅಳತೆ. ಬದಲಾಗುವುದು ಅವು ಎಲ್ಲಿವೆ, ಎಷ್ಟು ಆಳದಲ್ಲಿವೆ ಎಂಬುದು. ಎಂಟು ಸೀಟಿನ ವ್ಯಾನಿನಲ್ಲೂ ಎರಡನೇ ಸಾಲಿನ ಎರಡು ಬದಿಗೆ ಮಾತ್ರ ಕೊಂಡಿ ಇದ್ದು, ನಡುವಿನ ಸೀಟಿಗಾಗಲಿ ಮೂರನೇ ಸಾಲಿಗಾಗಲಿ ಏನೂ ಇಲ್ಲದಿರಬಹುದು. ಮಕ್ಕಳ ಸೀಟಿನ ಮೇಲ್ತುದಿಯನ್ನು ಹಿಂದಕ್ಕೆ ಬಿಗಿಯುವ ಟಾಪ್ ಟೆದರ್ ಪಟ್ಟಿಯ ಕೊಕ್ಕೆ ಸೀಟಿನ ಬೆನ್ನಿನಲ್ಲಿದೆಯೋ, ನೆಲದಲ್ಲಿದೆಯೋ, ಚಾವಣಿಯಲ್ಲಿದೆಯೋ ಹುಡುಕಬೇಕು. ನೆಲದಲ್ಲಿದ್ದರೆ ಆ ಪಟ್ಟಿ ಮೂರನೇ ಸಾಲಿಗೆ ಹೋಗುವ ದಾರಿಗೇ ಅಡ್ಡ ಬರುತ್ತದೆ. ಸೀಟು ಹಾಕಿ ಬಿಗಿದ ಮೇಲೆ ಬೆಲ್ಟ್ ಅಥವಾ ಕೊಂಡಿ ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ ನೋಡಬೇಕು, ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಮೇಲ್ತುದಿ ಹಿಡಿದು ಅಲ್ಲಾಡಿಸಿದರೆ ಎಲ್ಲ ಸೀಟೂ ಅಲ್ಲಾಡುತ್ತದೆ, ಅದು ಪರೀಕ್ಷೆಯಲ್ಲ.

ಇನ್ನೊಂದು ತೊಡಕು ಮುಂದೆ ಕಾಲು ಚಾಚಿ ನೆಲಕ್ಕೆ ಊರುವ ಮಕ್ಕಳ ಸೀಟಿನದು. ಎರಡನೇ ಸಾಲಿನ ಕಾಲಡಿ ಸಾಮಾನಿಡುವ ಗುಂಡಿ ಇರುವ ವ್ಯಾನುಗಳಿವೆ. ಆ ಗುಂಡಿಯ ಮುಚ್ಚಳ ಅಪಘಾತದ ಹೊಡೆತ ತಡೆಯದಿರಬಹುದು. ಅಂಥ ಕಡೆ ಸೀಟಿನ ಕಾಲು ಊರಬಹುದೇ, ಗುಂಡಿಯೊಳಗೆ ಏನಾದರೂ ತುಂಬಬೇಕೇ ಎಂಬುದನ್ನು ಗಾಡಿಯ ಕೈಪಿಡಿ ಮತ್ತು ಮಕ್ಕಳ ಸೀಟಿನ ಕೈಪಿಡಿ ಎರಡರಲ್ಲೂ ನೋಡಬೇಕು. ಎರಡರಲ್ಲಿ ಒಂದು ಬೇಡ ಎಂದರೂ ಬೇಡವೇ. ಸೀಟು ಕಟ್ಟಿದ ಸ್ಥಿತಿಯಲ್ಲೇ ಎರಡನೇ ಸಾಲು ವಾಲಿ ಮುಂದೆ ಸರಿದು ಮೂರನೇ ಸಾಲಿಗೆ ದಾರಿ ಬಿಡುತ್ತದೆಯೇ ಎಂದೂ ನೋಡಿದೆವು. ಬಿಡದಿದ್ದರೆ ನಡುವೆ ಓಡಾಡಲು ಜಾಗವಿರುವ ಎರಡು ಬಿಡಿ ಸೀಟುಗಳೇ ಲೇಸು, ಒಬ್ಬರ ಜಾಗ ಕಡಿಮೆಯಾದರೂ ಸರಿ.

ಹಿಂದಿನ ಬೆಲ್ಟುಗಳ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಅಪಘಾತವಾದ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆದುಕೊಳ್ಳುವುದು ಪ್ರಿಟೆನ್ಷನರ್. ಆಮೇಲೆ ಎದೆಗೆ ಪೆಟ್ಟಾಗದಂತೆ ತುಸು ಬಿಟ್ಟುಕೊಡುವುದು ಲೋಡ್ ಲಿಮಿಟರ್. ಮುಂದಿನ ಸೀಟುಗಳಲ್ಲಿ ಇವು ಮಾಮೂಲಿ, ಹಿಂದೆ ಇಲ್ಲದಿರುವುದೂ ಉಂಟು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಎರಡನೇ ಸಾಲಿನಲ್ಲೂ ಡಮ್ಮಿ (ಮನುಷ್ಯನಾಕಾರದ ಗೊಂಬೆ) ಕೂರಿಸಿ ನಾಲ್ಕು ಹೆಸರಾಂತ ಮಿನಿವ್ಯಾನುಗಳನ್ನು ಗುದ್ದಿಸಿ ನೋಡಿತು. ಆ ಡಮ್ಮಿಯ ಮೈಗಾತ್ರ ಸಣ್ಣ ಮೈಕಟ್ಟಿನ ಹೆಂಗಸು ಅಥವಾ 12 ವರ್ಷದ ಮಗುವಿನದು. ನಾಲ್ಕರಲ್ಲಿ ಒಂದಕ್ಕೂ ಮೇಲಿನ ಎರಡು ದರ್ಜೆ ಸಿಗಲಿಲ್ಲ. ಮನೆಮಂದಿಗೆಂದೇ ಮಾಡಿದ ಗಾಡಿಯಲ್ಲಿ ಮನೆಮಂದಿ ಕೂರುವ ಸಾಲೇ ಹಿಂದೆ ಬಿದ್ದಿತ್ತು. ಆದ್ದರಿಂದ ಕ್ರ್ಯಾಷ್ ಟೆಸ್ಟಿನ ನಕ್ಷತ್ರ ಎಣಿಸಿ ಸುಮ್ಮನಾಗದೆ ಹಿಂದಿನ ಸೀಟಿನ ಫಲಿತಾಂಶ ಬೇರೆಯಾಗಿ ಹುಡುಕಿ ಓದಬೇಕು.

ಇನ್ನು ಭಾರದ ಲೆಕ್ಕ. ಡ್ರೈವರ್ ಬಾಗಿಲಿನ ಕಂಬದ ಮೇಲಿರುವ ಚೀಟಿಯಲ್ಲಿ ಗಾಡಿ ಹೊರಬಹುದಾದ ಜನ ಮತ್ತು ಸಾಮಾನಿನ ಒಟ್ಟು ತೂಕ ಇರುತ್ತದೆ. ಇಲ್ಲದಿದ್ದರೆ ಗರಿಷ್ಠ ಒಟ್ಟು ತೂಕದಲ್ಲಿ ಗಾಡಿಯ ಖಾಲಿ ತೂಕ ಕಳೆದರೆ ಸಿಗುತ್ತದೆ. ಖಾಲಿ ತೂಕದಲ್ಲೇ 75 ಕೆ.ಜಿ.ಯ ಡ್ರೈವರನ್ನು ಸೇರಿಸುವ ಪದ್ಧತಿಯೂ ಇದೆ, ಅದನ್ನು ಗಮನಿಸಬೇಕು. ಚೀಟಿಯಲ್ಲಿ 600 ಕೆ.ಜಿ. ಇದೆ ಎನ್ನಿ. ನಾಲ್ವರು ದೊಡ್ಡವರು 300, ಮೂರು ಮಕ್ಕಳು 90, ಎರಡು ಮಕ್ಕಳ ಸೀಟು 20, ತಲೆಗೊಂದರಂತೆ 15 ಕೆ.ಜಿ.ಯ ಏಳು ಬ್ಯಾಗು 105. ಅಲ್ಲಿಗೆ 515 ಆಯಿತು. ಮೇಲೆ 20 ಕೆ.ಜಿ.ಯ ರೂಫ್ ಬಾಕ್ಸ್ ಹಾಕಿ 50 ಕೆ.ಜಿ. ತುಂಬಿದರೆ 585. ಉಳಿದದ್ದು 15 ಕೆ.ಜಿ. ಎಂಟು ಸೀಟಿನ ಗಾಡಿಯಲ್ಲಿ 75 ಕೆ.ಜಿ.ಯ ಎಂಟು ಜನ ಕೂತರೆ 600 ಅಲ್ಲಿಗೇ ಮುಗಿಯಿತು, ಒಂದು ಬ್ಯಾಗನ್ನೂ ಇಡುವಂತಿಲ್ಲ. ಜಾಗ ಇದೆಯಲ್ಲ ಎಂದು ತುಂಬಿದರೆ ಹಿಂದಿನ ಸ್ಪ್ರಿಂಗ್ ಕೂರುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಟಯರ್ ಕಾಯುತ್ತದೆ. ಚಾವಣಿಗೂ ಬೇರೆ ಮಿತಿ ಇದೆ, ಅದರಲ್ಲಿ ಬಾಕ್ಸ್ ಮತ್ತು ಅಡ್ಡಪಟ್ಟಿಗಳ ತೂಕವೂ ಸೇರಬೇಕು.

ಡಿಕ್ಕಿಯನ್ನು ಮೂರನೇ ಸಾಲು ಎತ್ತಿಟ್ಟೇ ನೋಡಬೇಕು. ಆ ಸಾಲು ಮಡಚಿ ನೆಲದೊಳಗೆ ಮುಳುಗುವಂಥ ವ್ಯಾನಿನಲ್ಲಿ, ಸೀಟು ಎತ್ತಿದಾಗ ಹಿಂದೆ ಆಳವಾದ ಗುಂಡಿ ಸಿಗುತ್ತದೆ, ಸೂಟ್‌ಕೇಸು ನಿಲ್ಲಿಸಿ ಇಡಬಹುದು. ಮಿನಿವ್ಯಾನ್ ದೊಡ್ಡ ಎಸ್‌ಯುವಿಗಿಂತ ಮೇಲಾಗುವುದು ಇಲ್ಲೇ. ಆದರೆ ಆ ಗುಂಡಿಗಾಗಿ ಸ್ಟೆಪ್ನಿಯ ಜಾಗ ಹೋಗಿರಬಹುದು. ಬದಲಿಗೆ ಪಂಕ್ಚರ್ ದ್ರವದ ಬಾಟಲಿ ಮತ್ತು ಗಾಳಿ ಪಂಪು ಕೊಟ್ಟಿರುತ್ತಾರೆ. ಅದು ಮೊಳೆ ಚುಚ್ಚಿದ ತೂತಿಗೆ ಸಾಕು, ಟಯರಿನ ಪಕ್ಕ ಸೀಳಿದರೆ ಏನೂ ಪ್ರಯೋಜನವಿಲ್ಲ. ಬಾಟಲಿಯ ಮೇಲೆ ಅವಧಿ ಮುಗಿಯುವ ತಾರೀಕೂ ಇರುತ್ತದೆ. ಎರಡನೇ ಸಾಲಿನ ಸೀಟು ಬಿಚ್ಚಿ ತೆಗೆಯಬಹುದು ಎಂದರೆ ಎತ್ತಿ ನೋಡಿ, ಒಂದೊಂದು 30 ಕೆ.ಜಿ. ಹತ್ತಿರ ತೂಗುವುದೂ ಉಂಟು. ಸೀಟಿನೊಳಗೇ ಏರ್‌ಬ್ಯಾಗ್ ಇರುವ ಕೆಲವು ವ್ಯಾನುಗಳಲ್ಲಿ ಬಿಚ್ಚಲೇಬಾರದು.

ಎಂಜಿನ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯ ಕಾಣಲಿಲ್ಲ. ಊರೊಳಗೆ ನಿಂತು ನಿಂತು ಓಡುವುದೇ ಹೆಚ್ಚಿದ್ದರೆ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಹೈಬ್ರಿಡ್ ಮೈಲೇಜಿನಲ್ಲಿ ಗೆಲ್ಲುತ್ತದೆ, ಹೆದ್ದಾರಿಯೇ ಹೆಚ್ಚಿದ್ದರೆ ಆ ಅಂತರ ಕಡಿಮೆ. ಟೆಸ್ಟ್ ಡ್ರೈವ್ ಮಾತ್ರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡೇ ಮಾಡಬೇಕು. ಉಬ್ಬು ಹತ್ತಿಸುವಾಗ ಒಬ್ಬರು ಮೂರನೇ ಸಾಲಿನಲ್ಲಿರಬೇಕು, ಅಲ್ಲಿ ಕೂತವರ ಮಾತು ಮುಂದೆ ಕೇಳಿಸುತ್ತದೆಯೇ ನೋಡಬೇಕು. ಈ ಗಾಡಿಗಳು 5.1, 5.2 ಮೀಟರ್ ಉದ್ದ, ಕನ್ನಡಿ ಬಿಟ್ಟು ಸುಮಾರು 2 ಮೀಟರ್ ಅಗಲದವರೆಗೂ ಬರುತ್ತವೆ. ನಿಲ್ಲಿಸುವ ಜಾಗವನ್ನು ಮೊದಲೇ ಅಳೆದುಕೊಳ್ಳಿ, ಡಿಕ್ಕಿ ಬಾಗಿಲು ತೆರೆದಾಗಿನ ಎತ್ತರವನ್ನೂ ಸೇರಿಸಿ.

ಸ್ಲೈಡಿಂಗ್ ಡೋರ್ ಹತ್ತಿರ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತೆವು. ಮಿನಿವ್ಯಾನ್ ಬೇಕೆನ್ನುವುದೇ ಈ ಬಾಗಿಲಿಗಾಗಿ, ಮುಂದೆ ಖರ್ಚು ತರುವುದೂ ಇದೇ. ಬಾಗಿಲು ಮೂರು ಹಳಿಗಳ ಮೇಲೆ ನಿಂತಿರುತ್ತದೆ. ಮೇಲೆ ಚಾವಣಿಯಂಚಿನಲ್ಲಿ ಒಂದು, ಕೆಳಗೆ ಮೆಟ್ಟಿಲಿನ ಒಳಗೆ ಒಂದು, ಹಿಂದೆ ಗಾಜಿನ ಕೆಳಗೆ ಹೊರಮೈಯಲ್ಲೇ ಕಾಣುವ ನಡುವಿನದು ಒಂದು. ಮೂರರಲ್ಲೂ ರೋಲರ್ ಓಡುತ್ತದೆ. ಕರೆಂಟಿನ ಬಾಗಿಲಾದರೆ ಮೋಟಾರು ತಂತಿ ಹಗ್ಗ ಎಳೆದು ಓಡಿಸುತ್ತದೆ, ಮುಚ್ಚುವ ಕೊನೆಯ ಒಂದೆರಡು ಸೆಂ.ಮೀ.ಗೆ ಬೀಗದೊಳಗಿನ ಇನ್ನೊಂದು ಪುಟ್ಟ ಮೋಟಾರು ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಗಿಲಿನ ಮುಂದಿನ ಅಂಚಿನ ರಬ್ಬರಿನಲ್ಲಿ ಒತ್ತಡ ಗುರುತಿಸುವ ಪಟ್ಟಿ ಇರುತ್ತದೆ, ಏನಾದರೂ ಸಿಕ್ಕಿಕೊಂಡರೆ ಬಾಗಿಲು ಹಿಂದಕ್ಕೆ ಹೋಗುವುದು ಅದರಿಂದ.

ನೋಡಬೇಕಾದದ್ದು: ಹೊರ ಹ್ಯಾಂಡಲ್, ಒಳ ಹ್ಯಾಂಡಲ್, ಡ್ರೈವರ್ ಸ್ವಿಚ್ಚು, ಕೀ ನಾಲ್ಕರಿಂದಲೂ ತೆರೆಯಬೇಕು. ಪವರ್ ಸ್ವಿಚ್ಚು ಆಫ್ ಮಾಡಿ ಕೈಯಲ್ಲಿ ಎಳೆದಾಗಲೂ ಬಾಗಿಲು ಒಂದೇ ಸಮನೆ ಓಡಬೇಕು, ಎಲ್ಲೂ ಹಿಡಿಯಬಾರದು. ತೆಗೆಯುವಾಗ ತಡೆದರೆ ನಿಲ್ಲುತ್ತದೆಯೇ, ಮುಚ್ಚುವಾಗ ತಡೆದರೆ ಹಿಂದೆ ಸರಿಯುತ್ತದೆಯೇ ಎಂದು ಸುತ್ತಿದ ಟವೆಲ್ ಅಡ್ಡ ಹಿಡಿದು ಪರೀಕ್ಷಿಸಿ, ಕೈ ಹಿಡಿಯಬೇಡಿ. ಗಾಡಿಯನ್ನು ಮೂತಿ ಕೆಳಗಾಗುವ ಇಳಿಜಾರಿನಲ್ಲಿ ನಿಲ್ಲಿಸಿ ಬಾಗಿಲನ್ನು ಪೂರ್ತಿ ತೆರೆದಿಡಿ. ಕೊನೆಯಲ್ಲಿ ‘ಟಕ್’ ಎಂದು ಕೊಂಡಿ ಹಿಡಿಯಬೇಕು. ಅರ್ಧ ತೆರೆದಿಟ್ಟರೆ ಆ ಕೊಂಡಿ ಹಿಡಿಯುವುದಿಲ್ಲ, ಬಾಗಿಲು ತನ್ನ ಭಾರಕ್ಕೇ ಮುಂದೆ ಓಡಿ ಬರುತ್ತದೆ. ಮಕ್ಕಳಿಗೆ ಹೇಳಿಕೊಡಬೇಕಾದ ಮೊದಲ ಪಾಠ ಇದೇ. ಪೆಟ್ರೋಲ್ ಮುಚ್ಚಳ ತೆರೆದಿದ್ದಾಗ ಆ ಬದಿಯ ಬಾಗಿಲು ಪೂರ್ತಿ ತೆರೆಯದಂತೆ ಹಲವು ವ್ಯಾನುಗಳಲ್ಲಿ ತಡೆ ಇರುತ್ತದೆ, ಅದನ್ನು ಕೆಟ್ಟಿದೆ ಎಂದುಕೊಳ್ಳಬೇಡಿ.

ಹಣದ ಮಾತು ಚಿಕ್ಕದು. ತಿಂಗಳ ಕಂತಿನ ಮೇಲೆ ಚೌಕಾಸಿ ಮಾಡಬೇಡಿ, ಗಾಡಿ ಕೈಗೆ ಬರುವ ಒಟ್ಟು ಬೆಲೆಯ ಮೇಲೆ ಮಾಡಿ. ವರ್ಷಕ್ಕೆ ಶೇ. 9ರ ಬಡ್ಡಿಯಲ್ಲಿ 100 ರೂಪಾಯಿ ಸಾಲ ತೆಗೆದರೆ ಐದು ವರ್ಷಕ್ಕೆ ತಿಂಗಳ ಕಂತು 2.08, ಒಟ್ಟು ಕಟ್ಟುವುದು ಸುಮಾರು 124.5. ಅದೇ ಸಾಲ ಏಳು ವರ್ಷಕ್ಕೆ ಹಬ್ಬಿದರೆ ಕಂತು 1.61ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 135 ದಾಟುತ್ತದೆ. ‘ಕಂತು ಕಮ್ಮಿ ಮಾಡಿಕೊಡ್ತೀವಿ’ ಎಂದರೆ ವರ್ಷ ಹೆಚ್ಚಿಸುತ್ತಿದ್ದಾರೆಯೇ ನೋಡಿ. ಕೋಟಿಂಗ್, ಸೀಟ್ ಕವರ್, ಹೆಚ್ಚುವರಿ ವಾರಂಟಿ ಇವೆಲ್ಲ ಸಾಲದೊಳಗೆ ಸೇರಿದರೆ ಅವಕ್ಕೂ ಅಷ್ಟೂ ವರ್ಷ ಬಡ್ಡಿ ಕಟ್ಟಬೇಕು. ಹೆಚ್ಚುವರಿ ವಾರಂಟಿ ಬೇಕೆನಿಸಿದರೆ ಅದರಲ್ಲಿ ಯಾವುದು ಸೇರಿಲ್ಲ ಎಂಬ ಪುಟವನ್ನು ಮೊದಲು ಓದಿ. ಸ್ಲೈಡಿಂಗ್ ಡೋರಿನ ಮೋಟಾರು, ತಂತಿ, ಬೀಗ ಸೇರಿಲ್ಲವೆಂದರೆ ಮಿನಿವ್ಯಾನಿಗೆ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಸೀಟಿಗೆ ಹೊರಗಿನ ಕವರ್ ಹಾಕಿಸುವುದಾದರೆ ಸೀಟಿನ ಏರ್‌ಬ್ಯಾಗ್ ಹರಿದು ಬರುವ ಹೊಲಿಗೆ ಮುಚ್ಚಿಹೋಗಬಾರದು.

ಡೆಲಿವರಿಯನ್ನು ಹಗಲಿನಲ್ಲೇ ತೆಗೆದುಕೊಳ್ಳಬೇಕು, ಗಾಡಿ ಒಣಗಿರಬೇಕು. ಒದ್ದೆ ಮೈಮೇಲೆ ಗೀರು, ನೆಗ್ಗು ಕಾಣುವುದಿಲ್ಲ. ನಾವು ಹಣ ಪೂರ್ತಿ ಕಟ್ಟುವ ಮೊದಲೇ ತಪಾಸಣೆ ಮುಗಿಸಿದೆವು, ಆಮೇಲೆ ಸಿಕ್ಕ ದೋಷಕ್ಕೆ ‘ಸರ್ವಿಸ್‌ಗೆ ತನ್ನಿ’ ಎಂಬುದಷ್ಟೇ ಉತ್ತರ. ಹದಿನೇಳು ಅಕ್ಷರ, ಅಂಕಿಗಳ ಚಾಸಿ ನಂಬರನ್ನು ಗಾಜಿನ ಕೆಳಗೆ, ಬಾಗಿಲಿನ ಕಂಬದಲ್ಲಿ, ಕಾಗದದಲ್ಲಿ ಒಂದಕ್ಕೊಂದು ತಾಳೆ ನೋಡಬೇಕು. ಅದೇ ನಂಬರಿನಲ್ಲಿ ಬಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು) ಇದೆಯೇ ಎಂದೂ ವಿಚಾರಿಸಬೇಕು. ಟಯರ್ ಪಕ್ಕದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ, 2324 ಎಂದರೆ 2024ರ 23ನೇ ವಾರ. ನಾಲ್ಕೂ ಟಯರ್ ಹತ್ತಿರ ಹತ್ತಿರದ ವಾರದವಾಗಿರಬೇಕು. ಒಂದು ಮಾತ್ರ ಬೇರೆಯಾದರೆ ಕಾರಣ ಕೇಳಿ. ದೂರದ ಸಾಗಣೆಯಲ್ಲಿ ಟಯರ್ ಚಪ್ಪಟೆಯಾಗದಿರಲೆಂದು ಕಾರ್ಖಾನೆಯಲ್ಲಿ ಗಾಳಿ ಜಾಸ್ತಿ ತುಂಬಿರುತ್ತಾರೆ, ಕೆಲವೊಮ್ಮೆ 50 ಪಿಎಸ್‌ಐ ಹತ್ತಿರ. ಶೋರೂಮಿನವರು ಇಳಿಸಲು ಮರೆತರೆ ಹೊಸ ಗಾಡಿ ಗಡಗಡ ಎನ್ನುತ್ತದೆ, ಸಸ್ಪೆನ್ಷನ್ನೇ ಗಟ್ಟಿ ಎಂದು ಜನ ತಪ್ಪು ತಿಳಿಯುತ್ತಾರೆ. ಬಾಗಿಲಿನ ಕಂಬದ ಚೀಟಿಯಲ್ಲಿರುವ ಅಳತೆಗೆ ಟಯರ್ ತಣ್ಣಗಿದ್ದಾಗ ಇಳಿಸಿದರೆ ಆಯಿತು. ವ್ಯಾನ್ ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತಿದ್ದರೆ 12 ವೋಲ್ಟ್ ಬ್ಯಾಟರಿ ಸೋತಿರುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಮತ್ತೆ ಅಳೆಸಿ.

ಬಾಗಿಲು ಮುಚ್ಚಿ ಮುಂದಿನ ಬಾಗಿಲಿಗೂ ಸ್ಲೈಡಿಂಗ್ ಡೋರಿಗೂ ನಡುವಿನ ಸಂದನ್ನು ಮೇಲಿಂದ ಕೆಳಗೆ ಕಣ್ಣಾಡಿಸಿ. ಮೇಲೆ ಕಿರಿದು, ಕೆಳಗೆ ಅಗಲವಾದರೆ ಬಾಗಿಲು ವಾಲಿದೆ. ರಬ್ಬರಿನ ನಡುವೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ನೀರೂ ಧೂಳೂ ಒಳಗೆ ಬರುತ್ತವೆ, ಹೆದ್ದಾರಿಯಲ್ಲಿ ಸಿಳ್ಳೆ ಹೊಡೆಯುತ್ತದೆ. ಪ್ರತಿ ಸೀಟನ್ನೂ ಮಡಚಿ ಬಿಡಿಸಬೇಕು, ಪ್ರತಿ ಬೆಲ್ಟನ್ನೂ ಕೊನೆಯವರೆಗೆ ಎಳೆದು ಬಿಡಬೇಕು, ಎರಡೂ ಬದಿಯ ಚೈಲ್ಡ್ ಲಾಕ್ ಹಾಕಿ ಒಳಗೆ ಕೂತು ತೆರೆಯಲು ನೋಡಬೇಕು. ಜಾಕು, ಎಳೆಯುವ ಕೊಕ್ಕೆ, ಚಕ್ರದ ಬೀಗದ ನಟ್ಟಿಗೆ ಬೇಕಾದ ವಿಶೇಷ ಸಾಕೆಟ್, ಎರಡನೇ ಕೀ ಎಲ್ಲ ಕೈಗೆ ಬಂದ ಮೇಲೆ ಸಹಿ.

ಮನೆಗೆ ಬಂದ ಮೇಲೆ ಮೊದಲ 1,000 ಕಿ.ಮೀ. ಆಕ್ಸಿಲರೇಟರ್ ಪೂರ್ತಿ ತುಳಿಯಬಾರದು, ಗಂಟೆಗಟ್ಟಲೆ ಒಂದೇ ವೇಗದಲ್ಲೂ ಓಡಿಸಬಾರದು, ಟ್ರೇಲರ್ ಎಳೆಸಬಾರದು. ಟಯರ್ ಗಾಳಿ ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮೊದಲು. ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಳತೆ ಕೊಟ್ಟಿದ್ದರೆ ದೂರ ಪ್ರಯಾಣಕ್ಕೆ ಅದನ್ನೇ ಹಾಕಬೇಕು. ಗಾಳಿ ಕಡಿಮೆಯಾದದ್ದನ್ನು ತೋರಿಸುವ ದೀಪವನ್ನು ನಂಬಿ ಕೂರಬೇಡಿ. ಅಮೆರಿಕದ ನಿಯಮದಂತೆ ಅದು ನಿಗದಿತ ಅಳತೆಗಿಂತ ಶೇ. 25ರಷ್ಟು ಇಳಿದಾಗ ಹೊತ್ತಿದರೆ ಸಾಕು, 36 ಪಿಎಸ್‌ಐ ಇರಬೇಕಾದಲ್ಲಿ 27ಕ್ಕೆ ಬಂದಿರುತ್ತದೆ. ಬದಲಿ ಟಯರ್ ಕೊಳ್ಳುವಾಗ ಸೈಜಿನ ಜೊತೆ ಲೋಡ್ ಇಂಡೆಕ್ಸನ್ನೂ ನೋಡಿ. 103 ಎಂದರೆ ಒಂದು ಟಯರ್ 875 ಕೆ.ಜಿ. ಹೊರುತ್ತದೆ, 99 ಎಂದರೆ 775. ನಾಲ್ಕು ಟಯರಿಗೆ 400 ಕೆ.ಜಿ. ವ್ಯತ್ಯಾಸ. ಅಗ್ಗ ಎಂದು ಕೆಳಗಿನದು ಹಾಕಿಸಿದರೆ ಪೆಟ್ಟು ಬೀಳುವುದು ಗಾಡಿ ತುಂಬಿದ ದಿನ.

ಬಾಗಿಲಿನ ಆರೈಕೆ ತಿಂಗಳ ಕೆಲಸ. ಕೆಳಗಿನ ಹಳಿಯಲ್ಲಿ ಚಪ್ಪಲಿಯ ಮಣ್ಣು, ಬಿಸ್ಕೆಟ್ ಪುಡಿ, ಸಣ್ಣ ಕಲ್ಲು, ಆಟಿಕೆಯ ಚೂರು ಸೇರುತ್ತವೆ. ರೋಲರ್ ಒಂದೇ ಒಂದು ಕಲ್ಲಿನ ಮೇಲೆ ಹತ್ತಿದರೂ ಮೋಟಾರಿಗೆ ಅದು ಯಾರದೋ ಕೈ ಸಿಕ್ಕಿಕೊಂಡಂತೆ, ಬಾಗಿಲು ಅರ್ಧದಿಂದ ಹಿಂದೆ ಹೋಗುತ್ತದೆ. ಬಾಗಿಲು ತೆರೆದು ವ್ಯಾಕ್ಯೂಮ್ ಹಿಡಿದು, ಹಳೆಯ ಟೂತ್‌ಬ್ರಷ್‌ನಲ್ಲಿ ಮೂಲೆ ಕೆದಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೈಪಿಡಿ ಹೇಳಿದ ಗ್ರೀಸನ್ನು ತೆಳ್ಳಗೆ ಸವರಬೇಕು. ಎಂಜಿನ್ ಆಯಿಲ್ ಬಿಡಬೇಡಿ, ಅದಕ್ಕೆ ಧೂಳು ಅಂಟಿ ಉಜ್ಜುವ ಪೇಸ್ಟಿನಂತಾಗುತ್ತದೆ, ರೋಲರ್ ಸವೆಯುತ್ತದೆ. ರಬ್ಬರಿಗೆ ಸಿಲಿಕೋನ್ ಸ್ಪ್ರೇ ಸಾಕು. ನಡುವಿನ ಹಳಿಯ ಹತ್ತಿರ ತಂತಿಯ ಪ್ಲಾಸ್ಟಿಕ್ ಹೊದಿಕೆ ಸೀಳಿದೆಯೇ ಎಂದು ಆಗಾಗ ಬಗ್ಗಿ ನೋಡಬೇಕು. ಸೀಳಿದ್ದು ಕಂಡರೆ ಪವರ್ ಆಫ್ ಮಾಡಿ ಕೈಯಲ್ಲಿ ಬಳಸುತ್ತಾ ಸರ್ವಿಸ್‌ಗೆ ಒಯ್ಯಿರಿ. ತಂತಿ ಬಿಚ್ಚಿ ಮೋಟಾರಿಗೆ ಸುತ್ತಿಕೊಂಡರೆ ಮೋಟಾರು ಸಮೇತ ಬದಲಿಸಬೇಕಾಗುತ್ತದೆ. ಬ್ಯಾಟರಿ ಕಳಚಿ ಹಾಕಿದ ಮೇಲೆ ಕರೆಂಟಿನ ಬಾಗಿಲು ಸುಮ್ಮನಿದ್ದರೆ ಗಾಬರಿ ಬೇಡ, ಹಲವು ಮಾದರಿಗಳಲ್ಲಿ ಒಮ್ಮೆ ಕೈಯಲ್ಲಿ ಪೂರ್ತಿ ಮುಚ್ಚಿ ಕೈಪಿಡಿಯ ಕ್ರಮದಲ್ಲಿ ಮತ್ತೆ ಕಲಿಸಬೇಕಾಗುತ್ತದೆ.

ಸಾಮಾನು ತುಂಬುವಾಗ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಗಂಟೆ ಕಳೆದರೆ ದೀಪ, ಕಂಪ್ಯೂಟರುಗಳು ಬ್ಯಾಟರಿ ಕುಡಿಯುತ್ತವೆ. ಹೈಬ್ರಿಡ್‌ನಲ್ಲಿ 12 ವೋಲ್ಟ್ ಬ್ಯಾಟರಿ ಚಿಕ್ಕದು, ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಗಾಡಿ ಹೊರಡುವುದಿಲ್ಲ. ಒಳಗಿನ ದೀಪದ ಸ್ವಿಚ್ಚು ಆಫ್ ಮಾಡಿಟ್ಟು ತುಂಬಿಸಿ. ಗಾಳಿಯಿಂದ ತಣಿಯುವ ಹೈಬ್ರಿಡ್ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಸಾಮಾನ್ಯವಾಗಿ ಸೀಟಿನಡಿಯೋ ಪಕ್ಕದಲ್ಲೋ ಇರುತ್ತದೆ. ಹೊದಿಕೆ, ಬ್ಯಾಗು ಅದಕ್ಕೆ ಅಡ್ಡ ಬರಬಾರದು, ನಾಯಿಯ ಕೂದಲು ಕಟ್ಟಿಕೊಳ್ಳಬಾರದು. ಹಿಂದಿನ ಏಸಿಗೆ ಬೇರೆಯೇ ಕೂಲಿಂಗ್ ಕಾಯಿಲ್ ಇರುವ ವ್ಯಾನಿನಲ್ಲಿ ಗ್ಯಾಸಿನ ಪೈಪು ಗಾಡಿಯ ತಳದಡಿ ಉದ್ದಕ್ಕೂ ಓಡುತ್ತದೆ. ಉಪ್ಪು, ಕೆಸರು ಹತ್ತಿ ಅದು ತೂತಾಗುವುದು ಹಳೆಯ ವ್ಯಾನುಗಳ ಮಾಮೂಲಿ ಕಾಯಿಲೆ. ತೊಳೆಯುವಾಗ ತಳಕ್ಕೂ ನೀರು ಹಾಯಿಸಿದರೆ ಅದು ಮುಂದೆ ಹೋಗುತ್ತದೆ.

ಸರ್ವಿಸ್ ಪುಸ್ತಕದಲ್ಲಿ ಎರಡು ಪಟ್ಟಿ ಇರುತ್ತವೆ, ಸಾಮಾನ್ಯ ಬಳಕೆ ಮತ್ತು ಕಠಿಣ ಬಳಕೆ. ಹತ್ತಿರದ ಶಾಲೆ, ಅಂಗಡಿಗೆ ಸಣ್ಣ ಸಣ್ಣ ಓಡಾಟ, ಧೂಳು, ತುಂಬಿದ ಭಾರ ಇವೆಲ್ಲ ಕಠಿಣದ ಕೆಳಗೇ ಬರುತ್ತವೆ. ಆದ್ದರಿಂದ ಮನೆಯ ವ್ಯಾನಿಗೆ ಎರಡನೇ ಪಟ್ಟಿಯೇ ಸರಿ. ಟಯರ್ ಅದಲುಬದಲು 8,000ದಿಂದ 10,000 ಕಿ.ಮೀ.ಗೆ, ಏಕೆಂದರೆ ಮುಂದಿನ ಚಕ್ರ ಎಳೆಯುವ ವ್ಯಾನಿನಲ್ಲಿ ಮುಂದಿನವೇ ಮೊದಲು ಸವೆಯುತ್ತವೆ. ಬ್ರೇಕ್ ದ್ರವವನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು, ಅದು ಗಾಳಿಯ ತೇವ ಹೀರುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನಪೂರ್ತಿ ಸಾಕು ಎಂದರೂ ತುಂಬಿದ ಭಾರದಲ್ಲಿ ಓಡುವ ವ್ಯಾನಿಗೆ 80,000 ಕಿ.ಮೀ. ಸುಮಾರಿಗೆ ಬದಲಿಸುವುದು ನಮ್ಮ ಮಟ್ಟಿಗೆ ನ್ಯಾಯ.

ಮೂಲ ವಾರಂಟಿ ಮುಗಿಯುವ ಎರಡು ತಿಂಗಳ ಮುಂಚೆ ಡೆಲಿವರಿ ದಿನದ ತಪಾಸಣೆಯನ್ನು ಮತ್ತೊಮ್ಮೆ ಪೂರ್ತಿ ಮಾಡಬೇಕು. ಬಾಗಿಲಿನ ಸಂದು, ಕಾಗದದ ಪಟ್ಟಿ, ಮೂರೂ ಸಾಲಿನ ಏಸಿ, ಪ್ರತಿ ಸೀಟಿನ ಮಡಿಕೆ, ಪ್ರತಿ ಬೆಲ್ಟು. ಬಾಗಿಲು ಎಂದೋ ಒಮ್ಮೆ ಹಿಂದೆ ಹೋದದ್ದಿದ್ದರೆ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಸರ್ವಿಸ್ ಸೆಂಟರಿನಲ್ಲಿ ಅದು ಹಾಗೆ ಮಾಡಿ ತೋರಿಸುವ ಖಾತ್ರಿಯಿಲ್ಲ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಜಾಬ್ ಕಾರ್ಡಿನಲ್ಲಿ ತಾರೀಕು, ಕಿಲೋಮೀಟರ್ ಸಮೇತ ಬರೆಸಿ ಪ್ರತಿ ತೆಗೆದುಕೊಳ್ಳಿ. ಅದೇ ದೋಷ ವಾರಂಟಿ ಮುಗಿದ ಮೇಲೆ ಮರಳಿದರೆ, ಮೊದಲೇ ಇತ್ತು ಎನ್ನಲು ಕೈಯಲ್ಲಿರುವ ಆಧಾರ ಆ ಕಾರ್ಡು.